ಪೂರಕ ಆಹಾರ ಆರಂಭಿಸುವ ಮಗುವಿಗೆ ಎಂತಹ ಮೊಸರು?

ಮಗು ಹುಟ್ಟಿದಂದಿನಿಂದ 6 ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು. ನೀರು ಸಹ ಬೇಕಿಲ್ಲ. ಅನಂತರ ಬೆಳೆಯುವ ಶರೀರಕ್ಕೆ ಎದೆಹಾಲು ಮಾತ್ರ ಸಾಲದು. ಆಗ ಮೆತ್ತಗಿನ ಪೂರಕ ಆಹಾರವನ್ನು ಆರಂಭಿಸಿ, ಎದೆಹಾಲನ್ನು 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕು. ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ರೊಟ್ಟಿಯೊಡನೆ ಮೊಸರು ರೂಢಿಯ ಆಹಾರ. ಆದುದರಿಂದ ಕೂಸಿಗೂ ಅದನ್ನು ಕೊಡಬಹುದೇ ಎಂಬ ಪ್ರಶ್ನೆ ತಾಯಂದಿರಲ್ಲಿ ಏಳುವುದು ಸಹಜ.

6 ತಿಂಗಳು ತುಂಬಿದ ಮಗುವಿಗೆ ಮೊಸರನ್ನು ಕೊಡಬಹುದು. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯ ಒಂದಂಶವನ್ನು ಆಮ್ಲವಾಗಿ ಮಾರ್ಪಡಿಸುವುದರಿಂದ ಮೊಸರು ಸುಲಭವಾಗಿ ಜೀರ್ಣವಾಗುತ್ತದೆ. ಅದರಲ್ಲಿ ಸಸಾರಜನಕವೂ ಸುಣ್ಣದ ಅಂಶವೂ ಇವೆ. ಆದರೆ 1 ವರ್ಷ ತುಂಬುವ ಮೊದಲು ಎದೆಹಾಲನ್ನು ಬಿಡಿಸಿ ಆಕಳ ಅಥವಾ ಎಮ್ಮೆಯ ಹಾಲನ್ನೇ ಮುಖ್ಯ ಆಹಾರವಾಗಿ ಕುಡಿಸುವುದು ಸರಿಯಲ್ಲ.

ಆಯ್ಕೆಯ ಕ್ರಮ

ಕೂಸಿನ ಮೊಸರು ಕೆನೆ ತೆಗೆಯದ ಹಾಲಿನದಾಗಿರಲಿ. ಹೊಟ್ಟೆ ಚಿಕ್ಕದಾದ ಮಗುವಿಗೆ ಸ್ವಲ್ಪ ಆಹಾರದಲ್ಲಿಯೇ ಹೆಚ್ಚು ಶಕ್ತಿ ದೊರೆಯಬೇಕು. ಹಸಿ ಹಾಲಿನಿಂದ ಕ್ಷಯ ಮುಂತಾದ ರೋಗಗಳು ತಗಲಬಹುದಾದ್ದರಿಂದ, ಹಾಲನ್ನು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗಾದ ಮೇಲೆ ಶುಚಿಯಾದ ಪಾತ್ರೆಯಲ್ಲಿ ಹೆಪ್ಪು ಹಾಕಿ ಮುಚ್ಚಿಡಬೇಕು. ಬೇಸಿಗೆಯಲ್ಲಿ ಮೊಸರು ಬೇಗನೆ ಹುಳಿಯುತ್ತದೆ. ಕೂಸಿಗೆ ಅಂದಂದಿನ ಸಿಹಿ ಮೊಸರನ್ನೇ ಕೊಡಿರಿ. ಅಂಗಡಿಯಿಂದ ತರುವುದಾದರೆ ತಣ್ಣಗೆ ಇರಿಸಿದ, ಅವಧಿ ಮೀರದ, ಸಾದಾ ಮೊಸರನ್ನು ಆರಿಸಿರಿ. ಹಣ್ಣಿನ ವಾಸನೆ, ಬಣ್ಣ, ಸಕ್ಕರೆ ಬೆರೆಸಿದ ಮೊಸರು ಬೇಡ.

ಬೆಲ್ಲ ಬೆರೆಸಬಾರದು

ಕಬ್ಬಿನ ಸೀಮೆಯಾದ ನಮ್ಮಲ್ಲಿ ಮೊಸರಿಗೆ ಬೆಲ್ಲ ಕಲಸಿ ಉಣಿಸುವುದು ಅಕ್ಕರೆಯ ಪದ್ಧತಿ. ಆದರೆ ಬೆಲ್ಲವೂ ಒಂದು ಬಗೆಯ ಸಕ್ಕರೆಯೇ. ಅದು ಹಲ್ಲನ್ನು ಕೆಡಿಸುತ್ತದೆ. ಸಿಹಿಗೆ ಒಗ್ಗಿದ ನಾಲಿಗೆ ಸಪ್ಪೆ ಆಹಾರವನ್ನು ನಿರಾಕರಿಸುತ್ತದೆ. 2 ವರ್ಷದವರೆಗೆ ಸಕ್ಕರೆ, ಬೆಲ್ಲ ಬೆರೆಸಬೇಡಿರಿ. ಜೇನುತುಪ್ಪದಲ್ಲಿ ಅಪಾಯಕಾರಿ ರೋಗಾಣುಗಳು ಇರಬಹುದಾದ್ದರಿಂದ 1 ವರ್ಷದೊಳಗೆ ಅದನ್ನು ನೆಕ್ಕಿಸಲೂಬಾರದು. ಸಿಹಿ ಬೇಕೆನಿಸಿದರೆ ಮಾಗಿದ ಬಾಳೆಹಣ್ಣನ್ನು ಕಿವುಚಿ ಬೆರೆಸಿರಿ.

ಮೊಸರೊಂದೇ ಊಟವಲ್ಲ

ಮೊಸರಿನಲ್ಲಿ ಕಬ್ಬಿಣದ ಅಂಶ ಅತ್ಯಲ್ಪ. ದಿನವೆಲ್ಲ ಮೊಸರನ್ನದಿಂದಲೇ ಹೊಟ್ಟೆ ತುಂಬಿದರೆ ಕೂಸಿಗೆ ರಕ್ತಹೀನತೆ ಉಂಟಾಗಬಹುದು. ಅದರಿಂದ ಶರೀರದ ಬೆಳವಣಿಗೆಯೂ ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗುತ್ತವೆ. ಆದುದರಿಂದ ಒಂದು ಹೊತ್ತು ನುಣ್ಣಗೆ ಬೇಯಿಸಿದ ಜೋಳದ ನುಚ್ಚಿಗೆ ಮೊಸರು ಬೆರೆಸಿದರೆ, ಇನ್ನೊಂದು ಹೊತ್ತು ಹೆಸರುಬೇಳೆ, ಸೊಪ್ಪು, ಅನ್ನವನ್ನು ಕಿವುಚಿ, ಎರಡು ಹನಿ ಲಿಂಬೆರಸ ಹಿಂಡಿ ಉಣಿಸಿರಿ. ಚೆನ್ನಾಗಿ ಬೆಂದ ಮೊಟ್ಟೆಯೂ ಒಳ್ಳೆಯದು. ಆಶಾ ಕಾರ್ಯಕರ್ತೆಯರ ಮೂಲಕ ದೊರೆಯುವ ಕಬ್ಬಿಣಾಂಶದ ಸಿರಪ್ಪನ್ನು ವಾರಕ್ಕೆ 2 ಸಲ, ಸಲಕ್ಕೆ 1 ಮಿಲಿಲೀಟರಿನಂತೆ ಕುಡಿಸಬೇಕು. ಆದರೆ ಮೊಸರಿನೊಡನೆ ಅಲ್ಲ.

ಉಣಿಸುವ ರೀತಿ

ಮೊದಲ ದಿನ ಒಂದೆರಡು ಚಮಚ ಸಾಕು. ಮೈಮೇಲೆ ದದ್ದು, ಮುಖದಲ್ಲಿ ಬಾವು, ವಾಂತಿ ಕಂಡುಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿರಿ. ಉಸಿರಾಟಕ್ಕೆ ತೊಂದರೆಯಾದರೆ ಒಡನೆಯೇ ಆಸ್ಪತ್ರೆಗೆ ಒಯ್ಯಿರಿ. ಮೊಸರಿನಿಂದ ನೆಗಡಿಯಾಗುತ್ತದೆಂಬ ಭಯ ಬೇಡ. ನೆಗಡಿ ಬರುವುದು ವೈರಾಣುಗಳಿಂದ. ಭೇದಿಯಾದಾಗಲೂ ಊಟವನ್ನು ನಿಲ್ಲಿಸಬಾರದು. ಎದೆಹಾಲು, ಜೀವಜಲದ ಜೊತೆಗೆ ಮೆತ್ತಗಿನ ಮೊಸರನ್ನವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು.

ತಾಯಿ ಮಗ್ಗದ ಮುಂದೆ ಅಥವಾ ಹೊಲದಲ್ಲಿ ದುಡಿಯುವಾಗ ಕೂಸಿಗೆ ಉಣಿಸುವವರು ಅಜ್ಜಿ ಅಥವಾ ಅಕ್ಕ. ಕೈಯನ್ನೂ ಬಟ್ಟಲನ್ನೂ ಸಾಬೂನಿನಿಂದ ತೊಳೆಯುವುದು, ಬೆಲ್ಲ ಬೆರೆಸದಿರುವುದು, ಮಗು ಬಿಟ್ಟ ಮೊಸರನ್ನು ಮರಳಿ ಉಣಿಸದಿರುವುದು, ಈ ಮೂರು ಮಾತುಗಳನ್ನು ಅವರಿಗೂ ತಿಳಿಸಿ ಹೇಳಿರಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಮಗುವನ್ನು ತೂಗಿಸಿರಿ. ತೂಕ ಏರದಿದ್ದರೆ ತಡಮಾಡದೆ ಆರೋಗ್ಯ ಕಾರ್ಯಕರ್ತೆಯ ಸಲಹೆ ಪಡೆಯಿರಿ.