ಮೊದಲು ಕನ್ನಡ ಕಲಿಯಿರಿ
ಹೊರದೇಶದಿಂದ ಬಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ವಿದ್ಯಾರ್ಥಿಗಳ ಸೇವೆಗೆ ನಿಲ್ಲಬೇಕೆಂದಿರುವ ಕ್ರೈಸ್ತ ಗೆಳೆಯರೇ, ಮೊದಲು ಕನ್ನಡ ಕಲಿಯಿರಿ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕಲಿತರು. ಶಾಲೆ ತೆರೆದರು, ಬೈಬಲನ್ನು ಕನ್ನಡಕ್ಕೆ ತಂದರು. ಜೊತೆಗಾರ ವಿಲಿಯಂ ರೀವ್ ನಿಘಂಟನ್ನೇ ಕಟ್ಟಿದರು.

ನೀವು ಬರಲಿರುವ ಈ ಕಡೆ ಮಳೆ ನಂಬಿದ ಸೀಮೆ. ಮಳೆ ಕೈಕೊಟ್ಟರೆ ಜನ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುತ್ತಾರೆ. ಜೊತೆಗೆ ಹೋದ ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ. ಅಂಥ ಮಕ್ಕಳು ಊರಲ್ಲೇ ಉಳಿಯುವಂತೆ ಊಟ, ವಸತಿ, ಸಂಜೆಪಾಠಕ್ಕೆ ಕೈಜೋಡಿಸಿ. ಅದಕ್ಕೆ ಪ್ರಾರ್ಥನೆಯ ಷರತ್ತು ಹಾಕಲೇಬೇಡಿ. ಪ್ರವಾಸಿ ವೀಸಾದಲ್ಲಿ ಬಂದು ಧರ್ಮಪ್ರಚಾರಕ್ಕೆ ಇಳಿಯಬೇಡಿ. ಮಿಷನರಿ ಸೇವೆಗೆ ಬೇರೆಯೇ ವೀಸಾ ಇದೆ, ಅದೂ ಮತಾಂತರಕ್ಕಲ್ಲ. ಪಾಲಕರನ್ನೂ ಹೆಡ್‌ಮಾಸ್ತರರನ್ನೂ ಕೇಳಿಯೇ ಮುಂದುವರಿಯಿರಿ. ಬಂದರೆ, ಗುಳೆ ಹೋದವರು ಮರಳುವವರೆಗಾದರೂ ಇರಿ.