ಇಂದಿನ ಧಮ್ಮ ಚಿಂತನೆ: ಮರೆತವರೊಡನೆ ಸಮ್ಯಕ್ ಮಾತು



ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಒಬ್ಬರು ಕೇಳಿದ ಪ್ರಶ್ನೆ ಇದು: "ಅಮ್ಮನಿಗೆ ಡಿಮೆನ್ಶಿಯಾ. ತೀರಿಹೋದ ಅಪ್ಪ ಎಲ್ಲಿ ಎಂದು ದಿನಾ ಕೇಳುತ್ತಾರೆ. ನಿಜ ಹೇಳಿದರೆ ಅಳುತ್ತಾರೆ. ಸುಳ್ಳು ಹೇಳಿದರೆ ನಾಲ್ಕನೆಯ ಶೀಲ ಮುರಿಯುತ್ತದೆ. ಏನು ಮಾಡಲಿ?"

'ಅರವತ್ತಕ್ಕೆ ಅರಳುಮರಳು' ಎಂದು ನಾವು ಹಗುರವಾಗಿ ಹೇಳುತ್ತೇವೆ. ಆದರೆ ಡಿಮೆನ್ಶಿಯಾ ಮುಪ್ಪಿನ ಸಹಜ ಗುಣವಲ್ಲ, ಮೆದುಳಿನ ಕಾಯಿಲೆಗಳಿಂದ ಬರುವ ಸ್ಥಿತಿ. ಹೊಸ ಸಂಗತಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಪ್ರತಿ ಸಲ ನಿಜ ಹೇಳಿದಾಗಲೂ ಆ ತಾಯಿಗೆ ಅದು ಹೊಸ ಸಾವು. "ಪೇಟೆಗೆ ಹೋಗಿದ್ದಾರೆ" ಎಂದರೆ ಬಾಗಿಲು ಕಾಯುತ್ತಾ ಕೂರುತ್ತಾರೆ.

ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತದಲ್ಲಿ ಬುದ್ಧರು ಮಾತನ್ನು ತೂಗುವ ಬಗೆ ತಿಳಿಸುತ್ತಾರೆ. ಮಾತು ಸತ್ಯವಾಗಿದ್ದರೆ ಸಾಲದು, ಹಿತವನ್ನೂ ತರಬೇಕು. ಎರಡೂ ಇದ್ದರೂ ಹೇಳುವ ಕಾಲ ನೋಡಬೇಕು. ಸುಳ್ಳಿಗೆ ಅಲ್ಲಿ ಜಾಗವಿಲ್ಲ, ಆದರೆ ತಿಳಿದಿದ್ದನ್ನೆಲ್ಲ ಹೇಳಲೇಬೇಕೆಂಬ ಕಟ್ಟಳೆಯೂ ಇಲ್ಲ. ಕೇಳಿದ ಪದಕ್ಕಲ್ಲ, ಅದರ ಹಿಂದಿನ ಭಾವಕ್ಕೆ ಉತ್ತರ ಕೊಡುವುದು ಇಲ್ಲಿ ನಮಗಿರುವ ದಾರಿ. "ಅಪ್ಪನ ನೆನಪಾಯ್ತಾ ಅಮ್ಮಾ? ಅವರಿಗೆ ಯಾವ ಸಾರು ಇಷ್ಟ?" ಇದರಲ್ಲಿ ಸುಳ್ಳೂ ಇಲ್ಲ, ಗಾಯವೂ ಇಲ್ಲ.

ನಮ್ಮ ಅತ್ತೆಗೂ ಇದೇ ಕಾಯಿಲೆ. ಸಂಜೆಯಾದರೆ "ಮನೆಗೆ ಹೋಗ್ಬೇಕು, ದನ ಬರೋ ಹೊತ್ತಾಯ್ತು" ಎಂದು ಹೊರಡುತ್ತಾರೆ. ಇದೇ ನಿಮ್ಮ ಮನೆ ಎಂದು ವಾದಿಸಿದರೆ ಸಿಟ್ಟು. "ಎಷ್ಟು ದನ ಇದ್ವು ಅತ್ತೆ?" ಎಂದರೆ ಕೂತು, ಒಂದೊಂದರ ಹೆಸರೂ ಹೇಳುತ್ತಾರೆ.

ಆದರೆ ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಮಾತಾಡಿದರೆ ಅವರ ಗೊಂದಲ ಹೆಚ್ಚುತ್ತದೆ. ಅದಕ್ಕೆ ಮನೆಯವರು, ನೋಡಿಕೊಳ್ಳುವಾಕೆ, ವ್ಯಾಯಾಮ ಮಾಡಿಸಲು ಬರುವ ಫಿಸಿಯೋಥೆರಪಿಸ್ಟ್ ಎಲ್ಲರೂ ಒಂದೇ ರೀತಿ ನಡೆಯಲೆಂದು ಗೋಡೆಗೆ ಒಂದು ಚೀಟಿ ಅಂಟಿಸಿದ್ದೇವೆ:

▪️ ಎದುರಿನಿಂದ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕೂತು ಮಾತಾಡಿ.
▪️ ಒಂದು ಸಲಕ್ಕೆ ಒಂದೇ ಮಾತು. ಉತ್ತರಕ್ಕೆ ಕಾಯಿರಿ.
▪️ "ನಾನ್ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. ನೀವೇ ಹೆಸರು ಹೇಳಿ.
▪️ ಸ್ನಾನ ಎಂದರೆ ಟವೆಲ್, ಊಟ ಎಂದರೆ ತಟ್ಟೆ ತೋರಿಸಿ.
▪️ ಒಂದೆರಡು ದಿನದಲ್ಲೇ ಗೊಂದಲ ಏಕಾಏಕಿ ಹೆಚ್ಚಿದರೆ ವೈದ್ಯರಿಗೆ ತಿಳಿಸಿ. ಮೂತ್ರದ ಸೋಂಕು, ಮಲಬದ್ಧತೆ, ನೋವು ಕಾರಣವಿರಬಹುದು.

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಹೊಟ್ಟೆಯ ಕಾಯಿಲೆಯಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಖುವನ್ನು ಬುದ್ಧರು ಮತ್ತು ಆನಂದರು ತಾವೇ ತೊಳೆದು ಮಲಗಿಸಿದರು. ಒಳ್ಳೆಯ ಶುಶ್ರೂಷಕರಿಗೆ ಬೇಕಾದ ಐದು ಗುಣಗಳನ್ನೂ ಬುದ್ಧರು ಅಲ್ಲೇ ತಿಳಿಸಿದರು: ಔಷಧಿ ಸಿದ್ಧಪಡಿಸಬಲ್ಲವರು, ಪಥ್ಯ ಅಪಥ್ಯ ಬಲ್ಲವರು, ಲಾಭಕ್ಕಲ್ಲದೆ ಮೈತ್ರಿಯಿಂದ ಸೇವೆ ಮಾಡುವವರು, ಮಲಮೂತ್ರಕ್ಕೆ ಹೇಸದವರು, ಧಮ್ಮದ ಮಾತಿನಿಂದ ರೋಗಿಗೆ ಧೈರ್ಯ, ಸಂತೋಷ ಕೊಡುವವರು.

ಐದೂ ಒಬ್ಬರಲ್ಲೇ ಇರುವುದು ಅಪರೂಪ. ನಮ್ಮ ಮನೆಯಲ್ಲಿ ಮಾತ್ರೆಯ ಲೆಕ್ಕ ಯಜಮಾನರದು, ಮೈ ತೊಳೆಸುವುದು ನಾನು ಮತ್ತು ನೋಡಿಕೊಳ್ಳುವಾಕೆ, ನಗಿಸುವುದು ಮಗ. ಹೊರೆ ಹಂಚಿಕೊಂಡರೆ ಯಾರಿಗೂ ಮೈತ್ರಿ ಬತ್ತುವುದಿಲ್ಲ. ಒಬ್ಬರ ಮೇಲೇ ಬಿಟ್ಟರೆ ಅವರೇ ಎರಡನೆಯ ರೋಗಿಯಾಗುತ್ತಾರೆ.

ಇಂದಿನ ಅಭ್ಯಾಸ: ನಿಮ್ಮ ಬಂಧುಗಳಲ್ಲಿ ಇಂಥ ಹಿರಿಯರನ್ನು ಒಂಟಿಯಾಗಿ ನೋಡಿಕೊಳ್ಳುತ್ತಿರುವ ಒಬ್ಬರಿಗೆ ಫೋನ್ ಮಾಡಿ. ಸಲಹೆ ಕೊಡಬೇಡಿ. "ಈ ವಾರ ಎರಡು ಗಂಟೆ ನಾನು ಬಂದು ಕೂರುತ್ತೇನೆ, ನೀವು ಸ್ವಲ್ಪ ಹೊರಗೆ ಹೋಗಿ ಬನ್ನಿ" ಎನ್ನಿ.

ಎಲ್ಲರಿಗೂ ಮಂಗಳವಾಗಲಿ. 🙏