ಪುಸ್ತಕದ ಆಕಾಶ, ಶಿಡ್ಲಘಟ್ಟದ ಆಕಾಶ

ದಪ್ಪ ರಟ್ಟಿನ, ಹೊಳಪು ಕಾಗದದ ಖಗೋಳ ಪುಸ್ತಕವೊಂದನ್ನು ತರಿಸಿಕೊಂಡಿದ್ದೀಯಂತೆ. ಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕ ನಿಮ್ಮಪ್ಪ ಬೆಲೆ ಹೇಳುವಾಗ ಮುಖ ಸ್ವಲ್ಪ ಸಣ್ಣದು ಮಾಡಿಕೊಂಡ. ಮಾತಿನಲ್ಲಿ ಹೆಮ್ಮೆಯೂ ಇತ್ತು ಬಿಡು. ಒಳ್ಳೆಯ ಕೆಲಸ ಮಾಡಿದ್ದೀಯಮ್ಮಾ. ಆದರೆ ಇಂಥ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಒಂದು ವಾರ ಎಲ್ಲರ ಕೈ ದಾಟಿ, ಆಮೇಲೆ ಶೋಕೇಸಿನೊಳಗೆ ಕೂತುಬಿಡುತ್ತವೆ. ನಿನ್ನದು ಹಾಗಾಗಬಾರದು ಅಂತ ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೋ.

ಆ ಪುಸ್ತಕ ನಮ್ಮೂರನ್ನು ನೋಡಿ ಬರೆದದ್ದಲ್ಲ. ಇಂಗ್ಲಿಷಿನಲ್ಲಿ ಬರುವ ಇಂಥ ಪುಸ್ತಕಗಳನ್ನು ಹೆಚ್ಚಾಗಿ ಬರೆಯುವುದು ಲಂಡನ್ನಿನ ಕಡೆಯವರು, ಅಮೆರಿಕದವರು. ತಮ್ಮ ನೆತ್ತಿಯ ಮೇಲಿನ ಆಕಾಶವನ್ನು ನಕ್ಷೆಯಲ್ಲಿ ಬರೆದಿರುತ್ತಾರೆ. ಲಂಡನ್ ಇರುವುದು 51½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮೂರೂ ಹೆಚ್ಚುಕಡಿಮೆ 13.4 ಡಿಗ್ರಿಯಲ್ಲಿವೆ, ಗೌರಿಬಿದನೂರು ಒಂಚೂರು ಮೇಲೆ. ಎಷ್ಟು ಅಕ್ಷಾಂಶವೋ ದಿಗಂತದಿಂದ ಅಷ್ಟೇ ಎತ್ತರದಲ್ಲಿ ಧ್ರುವ ನಕ್ಷತ್ರ ಕಾಣುತ್ತದೆ. ಅವರಿಗೆ ಅದು ಅರ್ಧ ಆಕಾಶಕ್ಕಿಂತ ಮೇಲೆ. ನಮಗೆ? ಕೈಯನ್ನು ನೀಟಾಗಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿ. ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಉತ್ತರ ದಿಗಂತದ ಮೇಲೆ ಒಂದು ಮುಷ್ಟಿ, ಅದರ ಮೇಲೆ ಇನ್ನೊಂದು ಸ್ವಲ್ಪ, ಅಷ್ಟೇ. ಒಂದು ಗುಡ್ಡ, ನಾಲ್ಕು ನೀಲಗಿರಿ ಮರ ಅಡ್ಡ ಬಂದರೆ ಧ್ರುವ ಮಾಯ. ಕಾಣಲಿಲ್ಲವೆಂದು ಪುಸ್ತಕವನ್ನೂ ಬೈಯಬೇಡ, ನಿನ್ನ ಕಣ್ಣನ್ನೂ ಬೈಯಬೇಡ.

ಉತ್ತರದಲ್ಲಿ ಕಳೆದುಕೊಂಡದ್ದನ್ನು ದಕ್ಷಿಣದಲ್ಲಿ ಬಡ್ಡಿ ಸಮೇತ ವಸೂಲು ಮಾಡಬಹುದು. ಫೆಬ್ರವರಿ ಮಧ್ಯದಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ನೇರ ದಕ್ಷಿಣಕ್ಕೆ ತಿರುಗಿ, ಎರಡೂವರೆ ಮುಷ್ಟಿ ಎತ್ತರದಲ್ಲಿ ನೋಡು. ಅಲ್ಲಿ ಹೊಳೆಯುವುದು ಅಗಸ್ತ್ಯ. ಲುಬ್ಧಕವನ್ನು ಬಿಟ್ಟರೆ ರಾತ್ರಿಯ ನಕ್ಷತ್ರಗಳಲ್ಲೇ ಅತಿ ಪ್ರಕಾಶದ್ದು. ಲಂಡನ್ನಿನವರಿಗೆ ಅದು ಹುಟ್ಟುವುದೇ ಇಲ್ಲ. ಮೇ ಮಧ್ಯದಲ್ಲಿ ಅದೇ ಹೊತ್ತಿಗೆ ದಕ್ಷಿಣದಲ್ಲಿ ತ್ರಿಶಂಕು ನೆಟ್ಟಗೆ ನಿಂತಿರುತ್ತದೆ. ಅದರ ಬುಡದ ನಕ್ಷತ್ರ ದಿಗಂತದಿಂದ ಹದಿಮೂರೂವರೆ ಡಿಗ್ರಿ, ಆ ಕಡೆ ಧ್ರುವವೂ ಹೆಚ್ಚುಕಡಿಮೆ ಅಷ್ಟೇ! ಒಂದೇ ಬಯಲಲ್ಲಿ ನಿಂತು ಎರಡನ್ನೂ ನೋಡುವ ಭಾಗ್ಯ ಎಲ್ಲರಿಗೂ ಇಲ್ಲ. ಬೆಂಗಳೂರಿನ ದಿಕ್ಕಿನ ಆಕಾಶ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳ್ಳಗಾಗುತ್ತಿದೆ. ನೋಡಬೇಕಾದ್ದನ್ನು ಬೇಗ ನೋಡಿಬಿಡು.

ಹುಳು ಮನೆಯಲ್ಲಿ ರಾತ್ರಿಯ ಕೊನೆಯ ಸೊಪ್ಪು ಹಾಕಿ ಆಚೆ ಬರುತ್ತೀಯಲ್ಲ, ಅದೇ ನಕ್ಷೆ ಹಿಡಿಯುವ ಹೊತ್ತು. ಆದರೆ ಬಂದ ಕೂಡಲೇ ತಲೆಯೆತ್ತಿ ಏನೂ ಕಾಣಿಸುತ್ತಿಲ್ಲ ಅನ್ನಬೇಡ. ಟ್ಯೂಬ್‌ಲೈಟಿನ ಬೆಳಕು ಕುಡಿದ ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು. ನಕ್ಷೆ ನೋಡಲು ಮೊಬೈಲ್ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೋ. ನಕ್ಷೆಯಲ್ಲಿ ಪೂರ್ವ ಎಡಕ್ಕೂ ಪಶ್ಚಿಮ ಬಲಕ್ಕೂ ಇರುವುದನ್ನು ಕಂಡು ಅಚ್ಚಿನ ತಪ್ಪು ಅಂದುಕೊಳ್ಳಬೇಡ. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ನೋಡಿದರೆ ಸರಿಹೋಗುತ್ತದೆ.

ಇನ್ನು ಬಣ್ಣದ ಚಿತ್ರಗಳ ವಿಷಯ. ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯಲ್ಲಿರುವ ನೀಹಾರಿಕೆ ಪುಸ್ತಕದಲ್ಲಿ ಗುಲಾಬಿ, ನೇರಳೆ ಎಂದು ಧಗಧಗಿಸುತ್ತದೆ. ಬೈನಾಕ್ಯುಲರಿನಲ್ಲಿ ನಿನಗೆ ಕಾಣುವುದು ಬೂದು ಬಣ್ಣದ ಒಂದು ಮಸುಕು. ಕ್ಯಾಮೆರಾ ನಿಮಿಷಗಟ್ಟಲೆ, ಗಂಟೆಗಟ್ಟಲೆ ಬೆಳಕನ್ನು ಕೂಡಿಹಾಕಬಲ್ಲದು, ಕಣ್ಣಿಗೆ ಆ ಶಕ್ತಿಯಿಲ್ಲ. ಮಂದ ಬೆಳಕಿನಲ್ಲಿ ಅದು ಬಣ್ಣವನ್ನೂ ಗುರುತಿಸುವುದಿಲ್ಲ. ಬಹಳ ಮಕ್ಕಳು ಆಸೆ ಬಿಡುವುದು ಇಲ್ಲೇ. ನೀನು ಬಿಡಬೇಡಮ್ಮಾ. ಆ ಮಸುಕು ಸುಮಾರು 1,300 ವರ್ಷ ಪ್ರಯಾಣ ಮಾಡಿ ನಿನ್ನ ಕಣ್ಣಿಗೇ ಬಂದು ಮುಟ್ಟಿದ ಬೆಳಕು. ಚಿತ್ರ ಬೇರೆಯವರು ಹಿಡಿದದ್ದು.

ನಿಮ್ಮಜ್ಜಿಯ ಹತ್ತಿರ ಇರುವ ಖಗೋಳವನ್ನು ಹಗುರವಾಗಿ ಎಣಿಸಬೇಡ. ರೋಹಿಣಿ ಮಳೆ, ಆರಿದ್ರಾ ಮಳೆ ಅಂತ ಅವರು ಹೇಳುವುದು ಸೂರ್ಯ ಆಗ ಯಾವ ನಕ್ಷತ್ರದ ಬಳಿ ಇದ್ದಾನೆ ಎಂಬ ಲೆಕ್ಕ. ಜೂನ್ 21–22ರ ಸುಮಾರಿಗೆ ಆರಿದ್ರಾ ಮಳೆ ಶುರು. ಆಗ ಆರ್ದ್ರಾ ನಕ್ಷತ್ರವನ್ನು ಹುಡುಕಿದರೆ ಸಿಗದು, ಸೂರ್ಯನ ಜೊತೆಯಲ್ಲೇ ಹುಟ್ಟಿ ಮುಳುಗುತ್ತಿರುತ್ತದೆ. ಆರು ತಿಂಗಳು ಬಿಟ್ಟು ಡಿಸೆಂಬರಿನಲ್ಲಿ ನೋಡು, ಮಹಾವ್ಯಾಧನ ಹೆಗಲ ಮೇಲೆ ಕೆಂಪಗೆ ರಾತ್ರಿಯಿಡೀ ಇರುತ್ತದೆ. ಪುಸ್ತಕ ಅದನ್ನು ಬೀಟಲ್‌ಜ್ಯೂಸ್ ಅನ್ನುತ್ತದೆ. ಈ ಲೆಕ್ಕದಿಂದ ಮಳೆ ಬಂದೇ ಬರುತ್ತದೆ ಎನ್ನುವುದು ಬೇರೆ ಮಾತು, ಅದಕ್ಕೆ ನಾನು ಜವಾಬ್ದಾರನಲ್ಲ.

ಆ ದೊಡ್ಡ ಪುಸ್ತಕದಲ್ಲಿ ರೇಡಿಯೋ ಖಗೋಳದ ಪುಟಗಳಿರುತ್ತವೆ. ಚಿತ್ರ ಚೆನ್ನಾಗಿಲ್ಲವೆಂದು ಅವನ್ನು ಮಗುಚಿ ಹಾಕಬೇಡ, ಅದು ನಮ್ಮ ಜಿಲ್ಲೆಯ ಸಂಗತಿ. ಗೌರಿಬಿದನೂರಿನ ಹತ್ತಿರ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಕೂಡಿ 1970ರ ದಶಕದಲ್ಲಿ ರೇಡಿಯೋ ದೂರದರ್ಶಕ ಕಟ್ಟಿದವು. ದೂರದರ್ಶಕ ಅಂದರೆ ಗುಮ್ಮಟ, ಕೊಳವೆ, ಮಸೂರ ಎಂದುಕೊಂಡು ಹೋದವರಿಗೆ ಅಲ್ಲಿ ಕಂಡದ್ದು ಹೊಲದಂಥ ಬಯಲಿನಲ್ಲಿ ಸಾಲು ಸಾಲು ಕಂಬ, ತಂತಿ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ 1,000 ಡೈಪೋಲ್ ಆಂಟೆನಾಗಳು. ಪೂರ್ವ-ಪಶ್ಚಿಮ ತೋಳು 1.4 ಕಿಲೋಮೀಟರ್, ದಕ್ಷಿಣದ ತೋಳು ಅರ್ಧ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅದು ಹಿಡಿಯುತ್ತಿದ್ದದ್ದು 34.5 ಮೆಗಾಹರ್ಟ್ಸ್, ಅಂದರೆ ಎಂಟೂ ಮುಕ್ಕಾಲು ಮೀಟರಿನಷ್ಟು ಉದ್ದದ ಅಲೆ. ಅಲೆ ಅಷ್ಟು ಉದ್ದವಿರುವಾಗ ಆಕಾಶದ ವಿವರ ಸಿಗಬೇಕಾದರೆ ಉಪಕರಣವೂ ಅಷ್ಟು ಉದ್ದ ಹಬ್ಬಬೇಕು. ಅದಕ್ಕೇ ಗುಮ್ಮಟ ಬಿಟ್ಟು ಬಯಲು. ಆ ಅಲೆಯಲ್ಲಿ ಆಕಾಶ ಹೇಗಿದೆ ಎಂಬ ನಕ್ಷೆ ಅಲ್ಲಿಂದ 1990ರಲ್ಲಿ ಹೊರಬಂತು. 1997ರಿಂದ ಅಲ್ಲೇ ರೇಡಿಯೋಹೀಲಿಯೋಗ್ರಾಫ್ ಸೂರ್ಯನ ಹೊರ ಆವರಣವಾದ ಕರೋನಾವನ್ನು ಹಗಲಿನಲ್ಲಿ ನೋಡುತ್ತಿದೆ. ಗ್ರಹಣಕ್ಕೆ ಕಾಯುವ ಕೆಲಸವಿಲ್ಲ.

ಅದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದುವ ಆಸೆಗೆ ಬೆಂಗಳೂರಿಗೆ ನಡೆದೇ ಹೋದವರು. ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಕುಲಪತಿಗಳಾಗಿ, ತಿರುಗಿ ಗೌರಿಬಿದನೂರು, ಬಾಗೇಪಲ್ಲಿಗಳಿಗೆ ನ್ಯಾಷನಲ್ ಕಾಲೇಜು ತಂದರು. ದುಡ್ಡಿಲ್ಲ, ಊರು ಸಣ್ಣದು ಎಂಬ ನೆಪ ನನ್ನ ಮುಂದೆ ಹೇಳಬೇಡ.

ಇಂಗ್ಲಿಷ್ ತೊಡಕಾದರೆ ಗ್ರಂಥಾಲಯದಲ್ಲಿ ಜಿ.ಟಿ. ನಾರಾಯಣರಾಯರ ‘ನಕ್ಷತ್ರ ವೀಕ್ಷಣೆ’ ಕೇಳು. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಇದ್ದರೆ ಬರಿದೇ ಮಗುಚಿ ನೋಡು, ಒಬ್ಬ ಕಾದಂಬರಿಕಾರ ಎಷ್ಟು ದುಡಿದಿದ್ದಾರೆ ಗೊತ್ತಾಗುತ್ತದೆ. ಯಾವ ಪುಸ್ತಕವೇ ಆಗಲಿ, ಮೊದಲು ಮುದ್ರಣದ ವರ್ಷ ನೋಡು. 2006ಕ್ಕೆ ಮುಂಚಿನದಾದರೆ ಪ್ಲೂಟೋ ಇನ್ನೂ ಗ್ರಹವೇ. ಶನಿಗೆ 2025ರಲ್ಲಿ ಒಂದೇ ಸಲಕ್ಕೆ 128 ಉಪಗ್ರಹ ಸೇರಿ ಒಟ್ಟು 274 ಆಯಿತು. ಹಳೆಯ ಅಂಕಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಹೊಸದು ಬರೆದುಕೋ.

ದೂರದರ್ಶಕ ಕೊಡಿಸಿ ಎಂದು ಈಗಲೇ ಹಟ ಹಿಡಿಯಬೇಡ, ಒಂದು 10×50 ಬೈನಾಕ್ಯುಲರ್ ವರ್ಷಗಟ್ಟಲೆ ಸಾಕು. ಅಲ್ಲಿಯವರೆಗೆ ಖರ್ಚಿಲ್ಲದ ಕೆಲಸವೊಂದಿದೆ. ಏಪ್ರಿಲ್ 25–26ರ ಸುಮಾರಿಗೆ, ಮೋಡವಿದ್ದರೆ ಮತ್ತೆ ಆಗಸ್ಟ್ 16–17ಕ್ಕೆ, ನಮ್ಮ ಅಕ್ಷಾಂಶದಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಗಡಿಯಾರದಲ್ಲಿ ಹನ್ನೆರಡೂ ಕಾಲು ದಾಟಿರುತ್ತದೆ. ಅಂಗಳದಲ್ಲಿ ಒಂದು ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಹನ್ನೆರಡರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಹಾಳೆಯ ಮೇಲೆ ಗುರುತು ಹಾಕುತ್ತಾ ಹೋಗು. ಆ ಹಾಳೆ ಇಟ್ಟುಕೊಂಡಿರು, ಮುಂದಿನ ಸಲ ಬಂದಾಗ ನೋಡುತ್ತೇನೆ.